ಸದ್ಯಕ್ಕೆ ಭಯವಿಲ್ಲ

ಮನೆ, ಅಡುಗೆಮನೆಯ ಮೇಜು
ಬುಧವಾರ, ಸಂಜೆ

ಪ್ರೀತಿಯ ಅಮ್ಮನಿಗೆ ಚಿಕ್ಕೋನ ನಮಸ್ಕಾರ.

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಆಫೀಸಿನ ಕ್ಯಾಂಟೀನ್ ಅಕ್ಕ, ಮೊನ್ನೆ ಸೋಮವಾರ, ಬೆಳಗಿನ ಕಾಫಿಯ ಹೊತ್ತಿನಲ್ಲಿ. ಕಥೆಗೆ ಕೈ ಹಾಕುವ ಮುಂಚೆ ನಿನ್ನ ಮೊಣಕಾಲು ಹೇಗಿದೆ ಹೇಳು. ವ್ಯಾಯಾಮ ಮಾಡುತ್ತಿದ್ದೀಯಾ, ಇಲ್ಲಾ ಡಾಕ್ಟರ ಮುಂದೆ ತಲೆಯಾಡಿಸಿ ಬಂದು ಸುಮ್ಮನೆ ಕೂತಿದ್ದೀಯಾ? ನಮ್ಮಕ್ಕನ ಕೈಗೆ ಹಾಕಿದ ಪಟ್ಟಿ ಬಿಚ್ಚಿದರಾ? ಅವಳು ಒಂದೇ ಕೈಯಲ್ಲಿ ಮನೆಯನ್ನೆಲ್ಲ ಆಳುತ್ತಿದ್ದಾಳೆ ಅಂತ ಭಾವ ಹೇಳಿದರು. ಎರಡೂ ಕೈ ಸರಿಯಾದ ಮೇಲೆ ಅವರ ಗತಿ ಏನು ಅಂತ ನಿನ್ನ ಸೊಸೆ ನಗುತ್ತಿದ್ದಳು. ಇಲ್ಲಿ ಅವಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಅಂತ ಬರೆದು ಮುಂದಕ್ಕೆ ಹೋಗಬೇಕು ಅಂದುಕೊಂಡಿದ್ದೆ. ಕೈ ಬರಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೇನೆ ಅಮ್ಮಾ. ಫೋನ್ ಸದ್ದಾದರೆ ಎತ್ತುವುದಕ್ಕೇ ಹೆದರಿಕೆ. ಅದಕ್ಕೇ ನಿನಗೆ ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. ನಾಳೆ ಭಾವ ಬರುತ್ತಾರಲ್ಲ, ಅವರು ವಾಪಸ್ಸು ಹೊರಡುವಾಗ ಅವರ ಕೈಯಲ್ಲಿ ಕೊಡುತ್ತೇನೆ.

ನನ್ನ ಕೆಲಸ ಏನು ಅಂತ ಎಷ್ಟು ಸಲ ಹೇಳಿದರೂ ನೀನು ಪಕ್ಕದವರಿಗೆ ಹೇಳುವುದು ಒಂದೇ, "ನಮ್ಮ ಚಿಕ್ಕೋನು ಸಂಬಳಕ್ಕೆ ಕಣಿ ಹೇಳ್ತಾನೆ." ತಪ್ಪೇನೂ ಇಲ್ಲ ಬಿಡು. ಬ್ಯಾಂಕುಗಳಿಗೆಲ್ಲ ದೊಡ್ಡಣ್ಣನ ಹಾಗಿರುವ ಕೇಂದ್ರ ಬ್ಯಾಂಕು ನಮ್ಮದು. ಅದರ ಸಂಶೋಧನಾ ವಿಭಾಗದಲ್ಲಿ ಕೂತು ನಾವು ಬೆಲೆ ಏರುತ್ತದೆಯೋ ಇಳಿಯುತ್ತದೆಯೋ, ಅಂಗಡಿಗಳಲ್ಲಿ ವ್ಯಾಪಾರ ಇದೆಯೋ, ಸಾಲ ತೆಗೆದುಕೊಂಡವರು ಕಂತು ಕಟ್ಟುತ್ತಿದ್ದಾರೋ ಅಂತ ಊರೂರಿನಿಂದ ಅಂಕಿ ತರಿಸಿ, ಕೂಡಿಸಿ ಕಳೆದು, ಮುಂದೆ ಹೀಗಾಗಬಹುದು ಅನ್ನುತ್ತೇವೆ. ಅದರಲ್ಲಿ ನನ್ನ ಪಾಲಿಗೆ ಬಂದಿರುವುದು ಕೆಟ್ಟ ಕಥೆ ಬರೆಯುವ ಕೆಲಸ. ನಿಜವಾಗಿ ಅದನ್ನು ಹಾಗೆಯೇ ಕರೆಯುತ್ತೇವೆ. ಮನೆಗಳ ಬೆಲೆ ಕುಸಿಯಿತು, ಕಾರ್ಖಾನೆಗಳು ಮುಚ್ಚಿದವು, ಜನ ಒಮ್ಮೆಲೇ ಹಣ ವಾಪಸ್ಸು ಕೇಳಿದರು ಅಂತ ನಾನು ಕಥೆ ಕಟ್ಟಬೇಕು. ಆ ಕಥೆಯೊಳಗೆ ಯಾವ ಬ್ಯಾಂಕು ನಿಲ್ಲುತ್ತದೆ, ಯಾವುದು ಬೀಳುತ್ತದೆ ಅಂತ ಉಳಿದವರು ಲೆಕ್ಕ ಹಾಕುತ್ತಾರೆ. ಹಳ್ಳಿಯಲ್ಲಿ ನಿನ್ನ ಮಗ್ಗುಲಲ್ಲಿ ಮಲಗಿ ಕೇಳಿದ ರಾಕ್ಷಸರ ಕಥೆಗಳಿಂದ ನನಗೆ ಈ ನೌಕರಿಯಲ್ಲಿ ಒಳ್ಳೆಯ ಹೆಸರು ಬಂತು. ನಮ್ಮ ಮೇಡಂ, ಅಂದರೆ ವಿಭಾಗದ ಮುಖ್ಯಸ್ಥೆ, ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನಪ್ಪಾ ಕಥೆಗಾರ, ಈ ಸಲ ಯಾರ ಮನೆ ಹಾಳು ಮಾಡ್ತೀಯಾ?" ಅನ್ನುತ್ತಾರೆ. ಹೋದ ಸಲ ನಾನು ಬರೆದದ್ದು ಒಂದು ಬೀದಿಯ ಮೂಲೆಯ ಸಣ್ಣ ಬ್ಯಾಂಕಿನ ಕಥೆ. ಯಾವುದೋ ಒಂದು ಮಾತಿಗೆ ಜನ ಬೆದರುತ್ತಾರೆ, ಬಾಗಿಲಲ್ಲಿ ಸಾಲು ನಿಲ್ಲುತ್ತದೆ, ಮೊದಲು ನಗುತ್ತಾ ನಿಲ್ಲುತ್ತಾರೆ. ಆಮೇಲೆ ಒಳಗಿನ ವಿಷಯ ಬಲ್ಲವನ ಮನೆಯವರೊಬ್ಬರು ಬಂದು ಹಣ ತೆಗೆಯುವುದನ್ನು ಎಲ್ಲರೂ ನೋಡುತ್ತಾರೆ. ಮರುದಿನ ಬ್ಯಾಂಕು ಬಾಗಿಲು ತೆಗೆಯುವುದಿಲ್ಲ. ಅದನ್ನು ಓದಿ ಮೇಡಂ, "ಮನೆಯವರು ಬಂದಿದ್ದು ಸ್ವಲ್ಪ ಸಿನಿಮಾ ಆಯ್ತು ಕಣಯ್ಯಾ, ಇರ್ಲಿ ಬಿಡು" ಅಂದಿದ್ದರು.

ಇನ್ನು ಕ್ಯಾಂಟೀನ್ ಅಕ್ಕನ ಕಥೆಗೆ ಬರುತ್ತೇನೆ. ನಮ್ಮ ಬೀದಿಯ ಆ ತುದಿಗೇ ಅವಳ ಮನೆ ಅಂತ ನಿನಗೆ ಗೊತ್ತಲ್ಲ. ಶನಿವಾರ ಬೆಳಿಗ್ಗೆ ಅವಳು ಪರದೆ ಹೊಲಿಸಲು ದರ್ಜಿಯ ಅಂಗಡಿಗೆ ಹೋಗಿದ್ದಳಂತೆ. ನಮ್ಮ ದರ್ಜಿಯೇ, ನಮ್ಮ ಬೀದಿಯ ಮೂಲೆ ಬ್ಯಾಂಕಿಗೆ ಅಂಟಿಕೊಂಡ ಹಾಗಿರುವ ಅಂಗಡಿಯವನು, ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಪೇಪರ್ ಓದುವವನು. ಎದುರು ಮನೆಯ ಕನ್ನಡಕದಜ್ಜಿ ಅಳತೆ ಕೊಡುತ್ತಾ ನಿಂತಿದ್ದಳು. ದರ್ಜಿ ಒಂದು ಕಣ್ಣು ಟೇಪಿನ ಮೇಲೆ, ಒಂದು ಕಣ್ಣು ಪೇಪರಿನ ಮೇಲೆ ಇಟ್ಟು ಜೋರಾಗಿ ಓದಿದನಂತೆ, "ಸಣ್ಣ ಬ್ಯಾಂಕುಗಳ ಠೇವಣಿದಾರರಿಗೆ ಸದ್ಯಕ್ಕೆ ಭಯವಿಲ್ಲ, ಕೇಂದ್ರ ಬ್ಯಾಂಕಿನ ವರದಿ." ಅಜ್ಜಿ ಚಾಚಿದ ತೋಳನ್ನು ಕೆಳಗಿಳಿಸಿ, "ಇನ್ನೊಂದ್ಸಲ ಓದಪ್ಪಾ" ಅಂದಳು. ಅವನು ಓದಿದ. "ನಮ್ಮೆಜಮಾನ್ರಿಗೂ ಡಾಕ್ಟ್ರು ಹಿಂಗೇ ಅಂದಿದ್ರು, ಸದ್ಯಕ್ಕೆ ಭಯ ಇಲ್ಲ ಅಂತ. ಆ ವಾರ ದಾಟಲಿಲ್ಲ ಅವ್ರು" ಅಂದವಳೇ ಹೆಗಲ ಮೇಲಿನ ಟೇಪನ್ನೂ ತೆಗೆಯದೆ ನೆಟ್ಟಗೆ ಮೂಲೆ ಬ್ಯಾಂಕಿನ ಮೆಟ್ಟಿಲು ಹತ್ತಿದಳು. "ಅಜ್ಜೀ, ನನ್ನ ಟೇಪು!" ಅಂತ ದರ್ಜಿ ಹಿಂದೆ ಓಡಿದ. ಇವರಿಬ್ಬರು ಓಡುವುದನ್ನು ನೋಡಿ ಔಷಧಿ ಅಂಗಡಿಯವನು ಓಡಿದ. ಅವನು ಅಂಗಡಿ ಬಿಟ್ಟು ಓಡುವುದನ್ನು ನೋಡಿ, ಔಷಧಿಗೆ ಬಂದವರೂ ಓಡಿದರು. "ಮಧ್ಯಾಹ್ನಕ್ಕೆ ಸಾಲು ನಮ್ಮ ಮನೆ ಗೇಟಿನ ತನಕ ಬಂದಿತ್ತು ಕಣ್ರೀ, ಎಲ್ಲಾ ನಗ್ತಾ ನಿಂತಿದ್ರು, ದರ್ಜೀನೂ ಅದರಲ್ಲೇ ಇದ್ದ, ಅವನ ಹಿಂದೆ ನಾನು!" ಅಂತ ಕ್ಯಾಂಟೀನ್ ಅಕ್ಕ ಸೌಟು ಹಿಡಿದು ಓಡಿ ತೋರಿಸಿದಳು. ಆಫೀಸಿನವರೆಲ್ಲ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಮಾತ್ರ ಅರ್ಧ ಕಾಫಿ ಬಿಟ್ಟು ಎದ್ದೆ.

ಏಕೆಂದರೆ ಆ "ಸದ್ಯಕ್ಕೆ" ಹಾಕಿದವನು ನಾನು. ವರದಿಯ ಕರಡಿನಲ್ಲಿ ಬರೀ "ಭಯವಿಲ್ಲ" ಅಂತ ಇತ್ತು. ಮೇಡಂ ಅದರ ಕೆಳಗೆ ಗೆರೆ ಎಳೆದು, "ಭಯವಿಲ್ಲ ಅಂತ ಬರ್ಕೊಡೋಕೆ ನಾವೇನು ದೇವರಾ?" ಅಂದರು. ನಮ್ಮ ಕಸುಬಿನಲ್ಲಿ ಯಾವ ಮಾತನ್ನೂ ಬರಿಮೈಯಲ್ಲಿ ಹೊರಗೆ ಕಳಿಸುವುದಿಲ್ಲ ಅಮ್ಮಾ. "ಬಹುತೇಕ" ಅನ್ನುವ ಒಂದು ಅಂಗಿ, "ಈಗಿನ ಅಂದಾಜಿನಂತೆ" ಅನ್ನುವ ಒಂದು ಕೋಟು, ಏನಾದರೊಂದು ತೊಡಿಸುತ್ತೇವೆ. ನಾಳೆ ಏನಾಗುತ್ತದೋ ನಮಗೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅದು. ನಾನು ಬಹಳ ಚಿಕ್ಕದಾದ, ಯಾರಿಗೂ ಕಾಣದಂಥ ಒಂದು ಪದ ಹುಡುಕಿ ಹಾಕಿದೆ. ಚೆನ್ನಾಗಿ ಕೂತಿತು ಅಂತ ಹಿಗ್ಗಿದೆ. ಅದನ್ನು ಓದಿ ನೋಡಿದ ಹತ್ತಾರು ಜನರಲ್ಲಿ ಒಬ್ಬರಿಗೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಮಾತು ಹೇಗೆ ಕೇಳಿಸುತ್ತದೆ ಅನ್ನುವುದು ಹೊಳೆಯಲಿಲ್ಲ.

ಅವತ್ತೇ ಮಧ್ಯಾಹ್ನ ಮೇಡಂ ಬಾಗಿಲು ಹಾಕಿಸಿ ನಮ್ಮನ್ನು ಕೂರಿಸಿಕೊಂಡರು. ಆ ಪದ ತೆಗೆದು ಹೊಸ ಹೇಳಿಕೆ ಕೊಡೋಣ ಅಂತ ಒಬ್ಬರು ಅಂದರು. "ಮೊನ್ನೆ ಇದ್ದ ಮಾತು ಇವತ್ತು ಯಾಕೆ ತೆಗೆದ್ರು ಅಂತ ಇನ್ನೆರಡು ಬೀದಿ ಎದ್ದು ಓಡಲ್ವಾ?" ಅಂದರು ಮೇಡಂ. ಹಾಗಾದರೆ ಸುಮ್ಮನಿರೋಣ ಅಂತ ಇನ್ನೊಬ್ಬರು. "ನಾವು ಸುಮ್ಮನಿದ್ರೆ, ನೋಡು, ಬಾಯೇ ಬಿಡ್ತಿಲ್ಲ ಅಂತಾರೆ." ಅಷ್ಟು ಓದಿದವರು ಅಷ್ಟು ಹೊತ್ತು ಕೂತು ಒಂದು ಪದವನ್ನು ಇಡಲೂ ಆಗದೆ, ತೆಗೆಯಲೂ ಆಗದೆ ಒದ್ದಾಡಿದೆವು. ನಾನು ಎದುರಿನ ಹಾಳೆಯ ಮೇಲೆ ಗೀಚುತ್ತಾ ಕೂತಿದ್ದೆ. ಬೀದಿಯ ಮೂಲೆ, ಸಣ್ಣ ಬ್ಯಾಂಕು, ಒಂದು ಮಾತು, ನಗುತ್ತಾ ನಿಂತ ಸಾಲು. ನಾನು ಕಟ್ಟಿದ ಕಥೆಯೇ ಎದ್ದು ನಮ್ಮ ಬೀದಿಗೆ ಬಂದಿತ್ತು. ಕಥೆಯ ರಾಕ್ಷಸನಿಗೆ ಕಥೆಗಾರನ ಮನೆಯ ವಿಳಾಸ ಸಿಕ್ಕಿಬಿಟ್ಟಿದೆ ಅನ್ನಿಸಿತು. ಏಳುವಾಗ ಮೇಡಂ ನನ್ನ ಕಡೆ ನೋಡಿದರು, ತಮಾಷೆ ಮಾಡಲಿಲ್ಲ. "ಯಾರೂ ಮನೇಲಿ ಒಂದಕ್ಷರ ಆಡಕೂಡದು. ದುಡ್ಡು ಹಾಕಿ ಅಂತಾನೂ ಹೇಳಬೇಡಿ, ತೆಗೀರಿ ಅಂತಾನೂ ಹೇಳಬೇಡಿ. ಹೆತ್ತೋರಿಗೂ ಕೂಡ" ಅಂದರು. ನೌಕರಿಗೆ ಸೇರುವಾಗ ನಾವೆಲ್ಲ ಸಹಿ ಹಾಕಿರುವುದೂ ಅದಕ್ಕೇ.

ನಿನ್ನೆ, ಸಾಲಿನ ಸುದ್ದಿ ಅಲ್ಲಿಗೂ ಮುಟ್ಟಿ, ನೀನು ಫೋನ್ ಮಾಡಿದೆ. ಅಪ್ಪ ಹೋದ ಮೇಲೆ ಅವರಿಂದ ಬಂದದ್ದನ್ನೆಲ್ಲ ನೀನು ಮೂಲೆ ಬ್ಯಾಂಕಿನಲ್ಲೇ ಇಟ್ಟಿದ್ದೀಯ. ಇಲ್ಲಿಗೆ ಬಂದಾಗಲೆಲ್ಲ ಅಲ್ಲಿಯ ಮ್ಯಾನೇಜರು ನಿನಗೆ ಕುರ್ಚಿ ಹಾಕಿ ಮಾತಾಡಿಸುತ್ತಾನೆ ಅನ್ನುವ ಒಂದೇ ಕಾರಣಕ್ಕೆ. ಹೇಗಿದ್ದೀಯಾ ಅಂತ ಕೂಡ ಕೇಳದೆ, "ತೆಗೀಲೇನೋ ಮಗಾ?" ಅಂದೆ. ನಾನು ಏನೂ ಹೇಳಬಾರದಿತ್ತು. "ಅದನ್ನ ನನ್ನ ಕೇಳಬೇಡಮ್ಮಾ" ಅನ್ನಬೇಕಿತ್ತು. ಬಾಯಿಂದ ಬಂದದ್ದು, "ಸದ್ಯಕ್ಕೆ ಬೇಡಮ್ಮಾ." ಆ ಪದ ಹೇಗೆ ನುಸುಳಿತೋ ದೇವರೇ ಬಲ್ಲ. ನೀನು, "ಆಯ್ತು ಬಿಡು, ಅರ್ಥ ಆಯ್ತು" ಅಂತ ಇಟ್ಟುಬಿಟ್ಟೆ. ನಿನಗೆ ಏನು ಅರ್ಥವಾಯಿತು ಅಂತ ನನಗೂ ಅರ್ಥವಾಯಿತು. ಮತ್ತೆ ಮಾಡಿದಾಗ ಅಕ್ಕ ಎತ್ತಿಕೊಂಡಳು. "ಅಮ್ಮ ಚೆಕ್ಕಿಗೆ ಸಹಿ ಹಾಕ್ತಿದಾಳೆ, ಗುರುವಾರ ಬೆಳಿಗ್ಗೆ ನಿಮ್ಮ ಭಾವ ತಗೊಂಡು ಬರ್ತಾರೆ, ಪಾಸ್‌ಬುಕ್ಕೂ ಕೊಟ್ಟಿದಾಳೆ. ನೀನು ಬಾಯಿ ಬಿಟ್ಟು ಹೇಳೋ ಹಾಗಿಲ್ಲ ಅಂತ ಅಮ್ಮಂಗೆ ಗೊತ್ತು ಕಣೋ, ಸೂಚನೆ ಕೊಟ್ಟೆಯಲ್ಲ, ಸಾಕು" ಅಂದಳು, ಏನೋ ದೊಡ್ಡ ಉಪಕಾರ ಮಾಡಿದವನಿಗೆ ಹೇಳುವ ಹಾಗೆ. ನಾನು ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ ಅಮ್ಮಾ. ಹಾಗಂತ ಅವಳಿಗೆ ಹೇಳಿದರೆ ಅದೂ ಒಂದು ಸೂಚನೆಯೇ ಆಗುತ್ತಿತ್ತು. ಸುಮ್ಮನೆ ಫೋನ್ ಇಟ್ಟೆ.

ಇವತ್ತು ಊಟವಾದ ಮೇಲೆ ಮೇಡಂ ಕರೆದು, "ನಿನ್ನ ಮನೆ ಆ ಬೀದೀಲೇ ಅಲ್ವಾ, ಹೋಗಿ ನೋಡ್ಕೊಂಡು ಬಾ, ಸುಮ್ನೆ ನೋಡು, ಅಷ್ಟೇ" ಅಂತ ಕಳಿಸಿದರು. ಸಾಲು ಔಷಧಿ ಅಂಗಡಿ ದಾಟಿ, ತಿರುವು ಹೊರಳಿ, ಮಕ್ಕಳ ಆಸ್ಪತ್ರೆಯ ಗೋಡೆಯ ತನಕ ಹೋಗಿತ್ತು. ಶನಿವಾರದ ನಗು ಇರಲಿಲ್ಲ. ಎಲ್ಲರೂ ಮುಂದಿನವರ ಬೆನ್ನನ್ನೇ ನೋಡುತ್ತಾ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಗಾಜಿನ ಹಿಂದೆ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ ಎಲ್ಲರಿಗೂ ಕೊಡುತ್ತಲೇ ಇದ್ದ. ನಾನು ಗೋಡೆ ಸವರಿಕೊಂಡು ದಾಟಬೇಕು ಅನ್ನುವಷ್ಟರಲ್ಲಿ ದರ್ಜಿ ನೋಡಿಬಿಟ್ಟ. "ಓ, ದೊಡ್ಡ ಬ್ಯಾಂಕಿನ ಸಾರ್ ಬಂದ್ರು! ಕೇಳ್ರೀ ಇವ್ರನ್ನೇ, ಬರೆದೋರು ಇವ್ರೇ!" ಅಂತ ಕೂಗಿದ. ಅವನಿಗೆ ನಾನು ಬರೆದವನು ಅಂತ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಅಂದ. ಅದು ಸರಿಯಾಗಿ ಬಂದು ಬಡಿಯಿತು. ಸಾಲಿನ ಅಷ್ಟೂ ಮುಖ ನನ್ನ ಕಡೆ ತಿರುಗಿದವು. ಅಷ್ಟು ಮುಖಗಳ ಮುಂದೆ ಕಾಲು ಎತ್ತಿ ಓಡಿದರೆ ಏನಾಗುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಳಗಿನ ಮಾತು ಒಂದನ್ನೂ ಆಡುವ ಹಾಗಿಲ್ಲ. ಅಚ್ಚಾಗಿ ಹೊರಬಿದ್ದ ಮಾತನ್ನು ಬಿಡಿಸಿ ಹೇಳಬಹುದಲ್ಲ. ದರ್ಜಿಯ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಆ ಪದ ಹಾಕಿದವನು ನಾನೇ ಅಂದೆ. "ನಮ್ಮ ಅಂದಾಜು ಹಾಕೋರ ಜಾತಿಯೇ ಹಂಗೆ. ಈ ಗೋಡೆ ಗಟ್ಟಿ ಇದೆಯಾ ಅಂತ ಕೇಳಿ, ಸದ್ಯಕ್ಕೆ ಗಟ್ಟಿ ಇದೆ ಅಂತೀವಿ. ಮದುವೆ ಮಂಟಪದಲ್ಲಿ ಒಪ್ಪಿಗೆನಾ ಅಂತ ಕೇಳಿದ್ರೂ ಸದ್ಯಕ್ಕೆ ಒಪ್ಪಿಗೆ ಅಂದುಬಿಡ್ತೀವಿ" ಅಂದೆ. ಹಿಂದೆ ಯಾರೋ ಕಿಸಕ್ಕೆಂದರು. "ನಿಮ್ಮ ಮನೆಯೋರು ಹೆಂಗೆ ಸುಮ್ಕೆ ಬಿಟ್ರು ಸಾರ್!" ಅಂದ ಔಷಧಿ ಅಂಗಡಿಯವನು. ನಗು ಸಾಲಿನ ಉದ್ದಕ್ಕೂ ಹರಿಯಿತು. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಗಟ್ಟಿಮುಟ್ಟಾದ ಬ್ಯಾಂಕಿಗೂ ಉಸಿರು ಕಟ್ಟುತ್ತದೆ, ಇದು ಶಾಲೆಯ ಪುಸ್ತಕದಲ್ಲೇ ಇದೆ ಅಂತಲೂ ಹೇಳಿದೆ. ಈ ಬ್ಯಾಂಕು ಒಳ್ಳೆಯದು ಅಂತ ನಾನು ಹೇಳಲಿಲ್ಲ, ಕೆಟ್ಟದ್ದು ಅಂತಲೂ ಹೇಳಲಿಲ್ಲ. ಭುಜಗಳು ಸ್ವಲ್ಪ ಸಡಿಲವಾದ ಹಾಗೆ ಕಂಡಿತು. ಅಷ್ಟರಲ್ಲಿ, ಶನಿವಾರ ಅರ್ಧವನ್ನಷ್ಟೇ ತೆಗೆದು ಉಳಿದದ್ದಕ್ಕೆ ಬಂದಿದ್ದ ಕನ್ನಡಕದಜ್ಜಿ ಮುಂದೆ ಬಂದು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ, "ಅದೆಲ್ಲ ಇರ್ಲಿ ಕಣಪ್ಪಾ. ನಿಮ್ಮಮ್ಮಂದೂ ಇಲ್ಲೇ ಇದೆಯಲ್ಲ, ತೆಗೆದ್ಳಾ?" ಅಂದಳು. "ಇಲ್ಲಜ್ಜಿ" ಅಂದೆ. ಆ ಗಳಿಗೆಗೆ ಅದು ಸತ್ಯ. ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಹಂಗಾದ್ರೆ ನಾಳೆ ಬಂದು ನೋಡೋಣ ಬನ್ನಿ" ಅಂತ ಹೊರಟಳು. ಅವಳ ಹಿಂದೆ ಸಾಲು ಕರಗಿತು. ಮ್ಯಾನೇಜರು ಗಾಜಿನ ಆಚೆಯಿಂದ ನನಗೆ ಕೈ ಮುಗಿದ. ನಾನು ನೋಡದವನ ಹಾಗೆ ಮುಖ ತಿರುಗಿಸಿ ಹೊರಟೆ.

ನಾಳೆ ಬೆಳಿಗ್ಗೆ ಅವರೆಲ್ಲ ಬರುತ್ತಾರೆ, ಭಾವನೂ ಬರುತ್ತಾರೆ. ಭಾವನನ್ನು ಬೇಡ ಅಂತ ತಡೆದರೆ, ಆಮೇಲೆ ಬ್ಯಾಂಕು ಬಿದ್ದರೆ, ನಿನ್ನ ಮುಪ್ಪಿನ ಆಸರೆಯನ್ನು ನನ್ನ ಕೈಯಾರೆ ನೀರಿಗೆ ಹಾಕಿದ ಹಾಗೆ. ತಡೆಯದಿದ್ದರೆ, ನಮ್ಮ ಮನೆಯ ಅಳಿಯ ಹಣ ಎಣಿಸಿಕೊಳ್ಳುವುದನ್ನು ಬೀದಿಯೇ ನಿಂತು ನೋಡುತ್ತದೆ. ನಾನು ಕಟ್ಟಿದ ಕಥೆಯಲ್ಲಿ ಅದಾದ ಮೇಲೆ ಏನಾಗುತ್ತದೆ ಅಂತ ಆಗಲೇ ಬರೆದಿದ್ದೇನೆ. ತಡೆಯುವ ಹಕ್ಕೂ ನನಗಿಲ್ಲ, ತೆಗೆಯಿರಿ ಅನ್ನುವ ಹಕ್ಕೂ ಇಲ್ಲ. ನಿನ್ನ ಸೊಸೆ, "ಅತ್ತೆಗೆ ಒಂದು ಫೋನ್ ಮಾಡಿ, ಏನೂ ಮಾತಾಡಬೇಡಿ, ಸುಮ್ನೆ ಉಸಿರಾಡಿ, ಅವರೇ ತಿಳ್ಕೋತಾರೆ" ಅಂದಳು. ಅದೇ ತೊಂದರೆ ಕಣೇ ಅಂದೆ. ನಾವಿಬ್ಬರೂ ನಗಬೇಕು ಅಂತ ಹೊರಟು ಅರ್ಧಕ್ಕೇ ನಿಲ್ಲಿಸಿದೆವು. ಮುಂದಿನದನ್ನು ಅಂದಾಜು ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ ಅಮ್ಮಾ, ನಾಳೆ ಬೆಳಿಗ್ಗೆ ನಮ್ಮ ಬೀದಿಯ ಮೂಲೆಯಲ್ಲಿ ಏನಾಗುತ್ತದೆ ಅನ್ನುವುದು ಮಾತ್ರ ನನಗೆ ಕಾಣುತ್ತಿಲ್ಲ.

ಮೊಣಕಾಲಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ. ಅಕ್ಕನಿಗೆ ಭಾರ ಎತ್ತಬೇಡ ಅಂತ ಹೇಳು, ಹೇಳಿದರೆ ಕೇಳುವವಳಲ್ಲ, ಆದರೂ ಹೇಳು. ಅವಳ ಮಕ್ಕಳಿಗೆ ಮುತ್ತು. ನಿನ್ನ ಸೊಸೆ ನಿನ್ನ ಪಾದಕ್ಕೆ ನಮಸ್ಕಾರ ಹೇಳಿದ್ದಾಳೆ, ನನ್ನದನ್ನೂ ಅದರ ಜೊತೆಗೇ ಸೇರಿಸಿಕೋ, ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ
ಚಿಕ್ಕೋನು

ಮತ್ತೆ ಸೇರಿಸಿದ್ದು: ಗುರುವಾರ, ಮಧ್ಯಾಹ್ನ. ಭಾವನ ಬಸ್ಸಿಗೆ ಹೊತ್ತಾಯಿತು, ದರ್ಜಿಯ ಮಿಷನ್ನಿನ ಮೇಲೆ ಕಾಗದ ಇಟ್ಟು ಗೀಚುತ್ತಿದ್ದೇನೆ. ಭಾವ ನಮ್ಮ ಮನೆಗೆ ಬರಲಿಲ್ಲ, ಬಸ್ಸಿಳಿದು ನೆಟ್ಟಗೆ ಬ್ಯಾಂಕಿಗೇ ಬಂದರು. ಬಾಗಿಲು ಇನ್ನೂ ಹಾಕಿತ್ತು. ಮ್ಯಾನೇಜರು ತೆಗೆದ. ಭಾವ ಮೊದಲಿಗರಾಗಿ ಕೌಂಟರಿಗೆ ಹೋದರು. ಹಿಂದೆಯೇ ಕನ್ನಡಕದಜ್ಜಿ, "ನೀವು ಅವರ ಅಳಿಯಂದಿರಲ್ವಾ? ಏನು, ತೆಗೆಯೋಕಾ?" ಅಂದಳು. ಅವರ ಬೆನ್ನ ಹಿಂದೆ ಅಷ್ಟೂ ಜನ ಕತ್ತು ಚಾಚಿದರು. ನಾನು ಬಾಗಿಲಾಚೆ, ಮೆಟ್ಟಿಲ ಕೆಳಗಿದ್ದೆ, ಕಣ್ಣು ಸನ್ನೆಯನ್ನೂ ಮಾಡಲಿಲ್ಲ, ನಿನ್ನಾಣೆ. ಸುಳ್ಳು ಹೇಳಲು ಬಾರದ ನಮ್ಮ ಭಾವ ಕೆಂಪಗಾಗಿ, ಜೇಬಿಗೆ ಕೈ ಹಾಕಿ, ಚೆಕ್ಕನ್ನು ಬಿಟ್ಟು ಪಾಸ್‌ಬುಕ್ ತೆಗೆದು, "ಇಲ್ಲಜ್ಜಿ, ಎಂಟ್ರಿ ಹಾಕ್ಸೋಕೆ ಬಂದೆ" ಅಂದರು. ಚೆಕ್ಕು ಹಾಗೇ ಅವರ ಜೇಬಿನಲ್ಲಿದೆ. ಈ ಕಾಗದದ ಜೊತೆ ನಿನ್ನ ಕೈ ಸೇರುತ್ತದೆ. ಅದನ್ನು ಏನು ಮಾಡಬೇಕು ಅಂತ ನನ್ನನ್ನು ಕೇಳಬೇಡ ಅಮ್ಮಾ, ನಾನು ಹೇಳುವುದಿಲ್ಲ, ನನ್ನ ದನಿಯಲ್ಲೂ ಹುಡುಕಬೇಡ. ಹಣ ನಿನ್ನದು, ನೀನೇ ತೀರ್ಮಾನ ಮಾಡು. ನನಗೆ ಈಗಲೂ ಹೆದರಿಕೆಯಿದೆ, ಅದನ್ನಷ್ಟೇ ಮುಚ್ಚಿಡದೆ ಹೇಳಬಲ್ಲೆ.

ಇನ್ನು ಆ ಜನ. ಕೆಲವರು ಹಣ ತೆಗೆದುಕೊಂಡರು, ಅವರನ್ನು ಯಾರೂ ಏನೂ ಅನ್ನಲಿಲ್ಲ. ಉಳಿದವರೆಲ್ಲ ಭಾವನ ಹಿಂದೆ ನಿಂತು ತಮಗೂ ಎಂಟ್ರಿ ಹಾಕಿ ಅಂದರು. ಒಬ್ಬೊಬ್ಬರದ್ದೂ ಅಚ್ಚು ಹಾಕಿ ಹಾಕಿ ಆ ಯಂತ್ರ ಕಿರ್ ಅಂತ ನಿಂತೇ ಹೋಯಿತು. ಆಮೇಲೆ ಮ್ಯಾನೇಜರು ಪೆನ್ನಿನಲ್ಲಿ ಬರೆದು ಕೊಟ್ಟ. ಅವರು ಹೊರಗೆ ಬಂದು ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ನಿಂತು, ಕೊನೆಯ ಸಾಲನ್ನು ಬೆರಳಿಟ್ಟು ಓದಿಕೊಂಡರು. ಅಜ್ಜಿ ತನ್ನದನ್ನು ದರ್ಜಿಯ ಕೈಯಲ್ಲಿ ಇನ್ನೊಂದು ಸಲ ಓದಿಸಿದಳು. ಆಮೇಲೆ, ನಾಳೆ ನೀವು ಎಷ್ಟೊತ್ತಿಗೆ ಬರ್ತೀರಿ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡು ಮನೆಗಳಿಗೆ ಹೋದರು.